ಗೋವಿನಜೋಳಕ್ಕೆ ಗೊಬ್ಬರವೂ ಮಳೆಯೂ

(ಸಂಘದ ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ. ಕೇಳಿದ ಕೆಲವರು ಬರೆದುಕೊಡಿ ಎಂದದ್ದರಿಂದ, ಆಡಿದ ಮಾತನ್ನು ಹೆಚ್ಚು ತಿದ್ದದೆ ಇಲ್ಲಿ ಕೊಟ್ಟಿದ್ದೇವೆ.)



ಭಾಷಣ ಮಾಡುವುದು ನಮ್ಮ ಕಸುಬಲ್ಲ. 2000ನೇ ಇಸವಿಯಲ್ಲಿ ಸಂಘ ಶುರುವಾದ ದಿನದಿಂದ ನಾವು ಕಂಡದ್ದು ಗೋದಾಮು, ರಸೀದಿ ಪುಸ್ತಕ ಮತ್ತು ಗೊಬ್ಬರದ ಚೀಲ. ಮನೆಯಲ್ಲಿ ನಾಲ್ಕು ಎಕರೆ ಹೊಲ ಇದೆ, ಅದರಲ್ಲಿ ಮೂರು ಎಕರೆ ಮಸಾರಿ, ಒಂದು ಎಕರೆ ಎರೆ. ಅಂದರೆ ಚೀಲ ಕೊಡುವವರೂ ನಾವೇ, ಒಯ್ದು ಹಾಕುವವರೂ ನಾವೇ. ಈ ಎರಡೂ ಕಡೆ ನಿಂತು ಕಂಡದ್ದನ್ನು ಹೇಳಿ ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ ನಿಂತಿದ್ದೇವೆ. ತಪ್ಪಿದ್ದರೆ ಕುಂತಲ್ಲಿಂದಲೇ ಹೇಳ್ರಿ, ಬೇಸರ ಇಲ್ಲ.

ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಥೆಯನ್ನು ಬೆಳಗಿನಿಂದ ಮೂರು ಮಂದಿ ಹೇಳಿಯಾಗಿದೆ. ನಾವು ಅದನ್ನು ಬಿಟ್ಟು ಹೊಲಕ್ಕೆ ಹೋಗುತ್ತೇವೆ.

ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಗೋದಾಮಿಗೆ ಬರುತ್ತಿದ್ದವರು ಹತ್ತಿಗೆ, ಮೆಣಸಿನಕಾಯಿಗೆ, ಶೇಂಗಾಕ್ಕೆ ಗೊಬ್ಬರ ಕೇಳುತ್ತಿದ್ದರು. ಬಿಳಿಜೋಳಕ್ಕೆ, ಸಾವೆಗೆ ಸರಕಾರಿ ಗೊಬ್ಬರ ಹಾಕುವವರು ಕಡಿಮೆ. ಈಗ ಹಾವೇರಿ, ದಾವಣಗೆರೆ ಸೀಮೆಯಲ್ಲಿ ಮುಂಗಾರಿ ಎಂದರೆ ಗೋವಿನಜೋಳ. ದಾವಣಗೆರೆ ಕಡೆ ಮೆಕ್ಕೆಜೋಳ ಅಂತಾರೆ, ಮೈಸೂರು ಕಡೆ ಮುಸುಕಿನ ಜೋಳ ಅಂತಾರೆ. ಮೂಲದಲ್ಲಿ ಇದು ಮೆಕ್ಸಿಕೋ ದೇಶದ ಪೈರು. ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಗೀಗ ಎಥೆನಾಲಿಗೆ ಬೇಡಿಕೆ ಬಂತು; ಆಳಿನ ಖರ್ಚು ಹತ್ತಿಗಿಂತ ಕಡಿಮೆ; ಹಕ್ಕಿ ಕಾಯುವ ಕೆಲಸ ಬಿಳಿಜೋಳದಷ್ಟಿಲ್ಲ. ಹೀಗಾಗಿ ಎಲ್ಲರೂ ಇದಕ್ಕೆ ಬಿದ್ದೆವು. ಆದರೆ ಒಂದು ಮಾತು ಮರೆತೆವು. ಬಿಳಿಜೋಳ ಬಡವರ ಮನೆಯ ಮಗು ಇದ್ದ ಹಾಗೆ, ಇದ್ದುದರಲ್ಲಿ ಬೆಳೆಯುತ್ತದೆ, ಹದಿನೈದು ದಿನ ಮಳೆ ಹೋದರೂ ಸುಮ್ಮನೆ ಕುಂತು ಮಳೆ ಬಂದಾಗ ಏಳುತ್ತದೆ. ಗೋವಿನಜೋಳ ಹಾಗಲ್ಲ. ಇದಕ್ಕೆ ಊಟವೂ ಹೊತ್ತಿಗೆ ಸರಿಯಾಗಿ ಬೇಕು, ನೀರೂ ಹೊತ್ತಿಗೆ ಸರಿಯಾಗಿ ಬೇಕು. ಅದರಲ್ಲೂ ನೀರು ಇಲ್ಲದಾಗ ಊಟ ಹೆಚ್ಚು ಬಡಿಸಿದರೆ ಉಣ್ಣುವುದಿಲ್ಲ.

ಮೊದಲು ಮಳೆಯ ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಸಾವಿರ ಲೀಟರ್ ನೀರು ಆಯಿತು. ಒಂದು ಇಂಚು ಮಳೆ, ಅಂದರೆ 25 ಮಿಲಿಮೀಟರ್, ಒಂದು ಲಕ್ಷ ಲೀಟರ್. ನಮ್ಮ ಊರಿಗೆ ಬೇಸಿಗೆಯಲ್ಲಿ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಟ್ಯಾಂಕರ್. ಗೋವಿನಜೋಳಕ್ಕೆ ಬಿತ್ತಿದಾಗಿನಿಂದ ಕಟಾವಿನ ತನಕ ಕಡಿಮೆ ಎಂದರೂ 500 ಮಿಲಿಮೀಟರ್ ನೀರು ಬೇಕು, ಎಕರೆಗೆ ನಾನೂರು ಟ್ಯಾಂಕರ್. ಇದನ್ನು ಯಾವ ಬೋರೂ ನಮ್ಮ ಕಡೆ ಪೂರೈಸುವುದಿಲ್ಲ. ಮೇಲಿನವನೇ ಕೊಡಬೇಕು.

ಕೊಟ್ಟರೂ ಒಂದೇ ಅಳತೆಯಲ್ಲಿ ಕೊಡುವುದಿಲ್ಲ, ಬೇಕಾದಾಗ ಕೊಡುವುದಿಲ್ಲ. ವರ್ಷದ ಒಟ್ಟು ಮಳೆ ಇಷ್ಟು ಇಂಚು ಆಯಿತು ಎಂದು ಪೇಪರಿನಲ್ಲಿ ಓದಿ ಖುಷಿ ಪಡುವುದರಲ್ಲಿ ಅರ್ಥವಿಲ್ಲ. ಯಾವ ಮಳೆ ಯಾವ ಕೆಲಸಕ್ಕೆ ಬಂತು ಎಂಬುದು ಮುಖ್ಯ. ನಮ್ಮ ಹಿರಿಯರು ಮಿರ್ಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬ, ಉತ್ತರಿ ಎಂದು ಮಳೆಗೆ ಹೆಸರು ಇಟ್ಟು ಲೆಕ್ಕ ಹಿಡಿದದ್ದು ಇದಕ್ಕೇ. ಅವರು ಲೆಕ್ಕ ಹಿಡಿದದ್ದು ಬಿಳಿಜೋಳಕ್ಕೆ, ಹತ್ತಿಗೆ. ನಾವು ಅದೇ ಲೆಕ್ಕವನ್ನು ಗೋವಿನಜೋಳಕ್ಕೆ ಹೊಂದಿಸಿಕೊಳ್ಳಬೇಕು.

ಮಿರ್ಗದ ಮಳೆಗೆ ಬಿತ್ತಿದಿರಿ ಎನ್ನಿ. ಜೂನ್ ಎರಡನೇ ವಾರ. ಮೊದಲ ಇಪ್ಪತ್ತು ದಿನ ಪೈರಿಗೆ ನೀರೂ ಸ್ವಲ್ಪ ಸಾಕು, ಗೊಬ್ಬರವೂ ಸ್ವಲ್ಪ ಸಾಕು. ಈ ಹೊತ್ತಿನಲ್ಲಿ ತುಸು ಬಾಡಿದರೂ ಹೆದರಬೇಕಿಲ್ಲ, ಬೇರು ಕೆಳಗೆ ಇಳಿಯುತ್ತದೆ. ಮೊಣಕಾಲೆತ್ತರ ಆದ ಮೇಲೆ ಅದು ಬೆಳೆಯುವ ಓಟವೇ ಬೇರೆ. ದಿನ ಬೆಳಗಾದರೆ ಬೆಳೆದಿರುತ್ತದೆ. ಸಾರಜನಕವನ್ನು ಅದು ಎಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಂದ ಸೂಲಂಗಿ ಬರುವ ತನಕ. ಆಮೇಲೆ ಐವತ್ತೈದು, ಅರವತ್ತನೇ ದಿನದ ಸುಮಾರಿಗೆ ಮೇಲೆ ಸೂಲಂಗಿ, ನಡುವೆ ತೆನೆಯ ಕೂದಲು. ಮಿರ್ಗಕ್ಕೆ ಬಿತ್ತಿದ್ದರೆ ಇದು ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇವೆ, ಯಾಕಂದ್ರ ನಮ್ಮ ಇಡೀ ವರ್ಷದ ಸಾಲ, ಬಡ್ಡಿ, ಮಕ್ಕಳ ಫೀಜು ಎಲ್ಲಾ ನಿಂತಿರುವುದು ಈ ಹದಿನೈದು ದಿನದ ಮೇಲೆ. ತೆನೆಯ ತುದಿಯಲ್ಲಿ ಜೋತು ಬೀಳುವ ಕೂದಲನ್ನು ನಾವೆಲ್ಲ ನೋಡಿದ್ದೇವೆ, ಚಿಕ್ಕವರಿದ್ದಾಗ ಮೀಸೆ ಅಂತ ಹಚ್ಚಿಕೊಂಡಿದ್ದೇವೆ. ಅದರ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಹೋಗಿ ಮುಟ್ಟಿದೆ. ಐನೂರು ಕಾಳಿನ ತೆನೆಗೆ ಐನೂರು ಎಳೆ. ಮೇಲಿನ ಸೂಲಂಗಿಯ ಪರಾಗದ ಪುಡಿ ಆ ಎಳೆಯ ಮೇಲೆ ಬಿದ್ದು ಒಳಗೆ ಇಳಿದರೆ ಮಾತ್ರ ಆ ಕಾಳು ಕಟ್ಟುತ್ತದೆ. ಸೂಲಂಗಿ ಪುಡಿ ಉದುರಿಸುವುದು ಒಂದು ವಾರ, ಹೆಚ್ಚೆಂದರೆ ಸ್ವಲ್ಪ ಮೇಲೆ. ನೆಲದಲ್ಲಿ ಹಸಿ ಇಲ್ಲದಿದ್ದರೆ ಸೂಲಂಗಿ ತನ್ನ ಹೊತ್ತಿಗೆ ಬರುತ್ತದೆ, ಕೂದಲು ಮಾತ್ರ ತಡ ಆಗುತ್ತದೆ. ಕೂದಲು ಹೊರಗೆ ಬರುವ ಹೊತ್ತಿಗೆ ಪುಡಿ ಮುಗಿದಿರುತ್ತದೆ. ಮದುವೆ ಮುಗಿದ ಮೇಲೆ ಬಂದ ಬೀಗರ ಹಾಗೆ. ಆಮೇಲೆ ಮೂರು ಇಂಚು ಮಳೆ ಸುರಿದರೂ ಆ ಕಾಳು ಹುಟ್ಟುವುದಿಲ್ಲ. ಹೊರಗಿನಿಂದ ತೆನೆ ದಪ್ಪಗೆ ಕಾಣುತ್ತದೆ, ಸಿಪ್ಪೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು. ಈ ಒಂದು ಹಂತದಲ್ಲಿ ಹಸಿ ತಪ್ಪಿದರೆ ಇಳುವರಿ ಅರ್ಧಕ್ಕೆ ಇಳಿಯುವುದುಂಟು.

(ಮಕ್ಕಳಿಗೆ ಒಂದು ಆಟ ಹೇಳುತ್ತೇವೆ. ಮನೆಗೆ ಹೋಗಿ ತೆನೆಯ ಮೇಲಿನ ಕಾಳಿನ ಸಾಲು ಎಣಿಸಿರಿ. ಹನ್ನೆರಡು, ಹದಿನಾಲ್ಕು, ಹದಿನಾರು ಹೀಗೆ ಸರಿ ಸಂಖ್ಯೆಯೇ ಬರುತ್ತದೆ. ಬೆಸ ಬಂದರೆ ಎಣಿಕೆ ತಪ್ಪಿದೆ ಎಂದು ತಿಳಿಯಿರಿ.)

ಆ ಹೊತ್ತಿನಲ್ಲಿ ಪೈರು ದಿನಕ್ಕೆ 6ರಿಂದ 7 ಮಿಲಿಮೀಟರ್ ನೀರು ಕುಡಿಯುತ್ತದೆ. ಒಂದು ಇಂಚಿನ ಮಳೆ ನಾಲ್ಕು ದಿನಕ್ಕೆ ಬಂತು. ಆಳದ ಎರೆ ಹೊಲ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡ ನೀರಿನಿಂದ ಇನ್ನೊಂದಿಷ್ಟು ದಿನ ತಡೆಯುತ್ತದೆ. ಮಸಾರಿ ಬೇಗ ಕೈ ಚೆಲ್ಲುತ್ತದೆ. ನಮ್ಮ ಮೂರು ಎಕರೆ ಮಸಾರಿಯಲ್ಲಿ ಎಂಟನೇ ದಿನಕ್ಕೆ ಎಲೆ ಸುರುಳಿ ಸುತ್ತುವುದನ್ನು ನೋಡಿದ್ದೇವೆ.

ಇನ್ನು ಗೊಬ್ಬರದ ಲೆಕ್ಕ. ಕೃಷಿ ವಿಶ್ವವಿದ್ಯಾಲಯದವರು ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ಎಂದು ಹೇಳುತ್ತಾರೆ. ನಮ್ಮ ಎಕರೆ ಲೆಕ್ಕಕ್ಕೆ 40, 20, 10. ಚೀಲದಲ್ಲಿ ಹೇಳಬೇಕೆಂದರೆ ಡಿಎಪಿ 44 ಕಿಲೋ, ಅಂದರೆ ಒಂದು ಚೀಲಕ್ಕೆ ತುಸು ಕಡಿಮೆ. ಅದರಲ್ಲಿ ರಂಜಕ ಪೂರ್ತಿ ಬಂತು, ಸಾರಜನಕವೂ 8 ಕಿಲೋ ಬಂತು. ಉಳಿದ 32 ಕಿಲೋ ಸಾರಜನಕಕ್ಕೆ ಯೂರಿಯಾ 70 ಕಿಲೋ. 2018ರಿಂದ ಯೂರಿಯಾ ಚೀಲ 45 ಕಿಲೋದ್ದು, ಹೀಗಾಗಿ ಒಂದೂವರೆ ಚೀಲ. ಪೊಟ್ಯಾಷ್ 17 ಕಿಲೋ. ಇಷ್ಟೇ.

ಈಗ ನಮ್ಮ ರಸೀದಿ ಪುಸ್ತಕ ಏನು ಹೇಳುತ್ತದೆ? ಡಿಎಪಿ ಒಂದು ಚೀಲ ಸರಿ. ಯೂರಿಯಾ ಎಕರೆಗೆ ಮೂರು ಚೀಲ ಒಯ್ದವರು ಬಹಳ ಮಂದಿ ಇದ್ದಾರೆ. ಪೊಟ್ಯಾಷ್ ಒಯ್ಯುವವರು ಕಡಿಮೆ. ಮೂರು ಚೀಲ ಯೂರಿಯಾ, ಒಂದು ಚೀಲ ಡಿಎಪಿ ಸೇರಿದರೆ ಸಾರಜನಕ 70 ಕಿಲೋ ದಾಟಿತು. ಕಾರಣ ಹೇಳುವುದು ಬೇಡ, ಎಲ್ಲರಿಗೂ ಗೊತ್ತಿದೆ: ಯೂರಿಯಾ ಚೀಲ ಇನ್ನೂರ ಅರವತ್ತು-ಎಪ್ಪತ್ತು ರೂಪಾಯಿ, ಡಿಎಪಿ ಸಾವಿರದ ಮುನ್ನೂರ ಐವತ್ತು. ಅಗ್ಗದ್ದನ್ನು ಕೈ ಬಿಚ್ಚಿ ಹಾಕುತ್ತೇವೆ. ಹಾಕಿದ ನಾಲ್ಕನೇ ದಿನಕ್ಕೆ ಎಲೆ ಕಪ್ಪು ಹಸಿರಾಗುತ್ತದೆ, ಕಣ್ಣಿಗೆ ತಂಪಾಗುತ್ತದೆ. ಪಕ್ಕದ ಹೊಲದವರು ಅದನ್ನು ನೋಡಿ ಮರುದಿನ ನಮ್ಮ ಗೋದಾಮಿಗೆ ಬರುತ್ತಾರೆ.

ಆದರೆ ಹತ್ತು ಕ್ವಿಂಟಲ್ ಕಾಳು ಮತ್ತು ಅದರ ಮೇವು ಸೇರಿ ಬೆಳೆಯಲು ಪೈರಿಗೆ ಬೇಕಾಗುವ ಸಾರಜನಕ ಸುಮಾರು 22ರಿಂದ 25 ಕಿಲೋ. ಎಕರೆಗೆ ಇಪ್ಪತ್ತು ಕ್ವಿಂಟಲ್ ಬೆಳೆಯುವ ಮಳೆ ಬಂದರೆ 45ರಿಂದ 50 ಕಿಲೋ ಬೇಕು. ಅದರಲ್ಲಿ ಒಂದು ಪಾಲನ್ನು ಮಣ್ಣೇ ಕೊಡುತ್ತದೆ, ತಿಪ್ಪೆ ಗೊಬ್ಬರ ಹಾಕಿದ್ದರೆ ಇನ್ನೂ ಹೆಚ್ಚು. ಮಳೆ ಹತ್ತು ಕ್ವಿಂಟಲಿಗೆ ಮಾತ್ರ ಬಂದರೆ? ಆಗ 70 ಕಿಲೋ ಹಾಕಿದವರ ಹೊಲದಲ್ಲೂ ಹತ್ತು ಕ್ವಿಂಟಲೇ, 40 ಹಾಕಿದವರ ಹೊಲದಲ್ಲೂ ಹತ್ತು ಕ್ವಿಂಟಲೇ. ಉಳಿದದ್ದರಲ್ಲಿ ಒಂದು ಪಾಲು ಗಾಳಿಗೆ, ಒಂದು ಪಾಲು ಹಳ್ಳಕ್ಕೆ. ಹಾಗೆಂದು ಗೊಬ್ಬರ ಹಾಕುವುದೇ ಬೇಡ ಎಂದು ಯಾರೂ ಎದ್ದು ಹೋಗಬೇಡಿ. ಒಳ್ಳೆಯ ಮಳೆಯ ವರ್ಷ ಗೊಬ್ಬರ ಹಾಕದ ಹೊಲದಲ್ಲಿ ಮಳೆಯೇ ದಂಡವಾಗುತ್ತದೆ. ಜರ್ಮನಿಯ ಲೀಬಿಗ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಒಂದು ಮಾತಿದೆ: ಹಲಗೆಗಳಿಂದ ಮಾಡಿದ ಪೀಪಾಯಿಯಲ್ಲಿ ಒಂದು ಹಲಗೆ ಗಿಡ್ಡ ಇದ್ದರೆ ನೀರು ನಿಲ್ಲುವುದು ಆ ಹಲಗೆಯ ಎತ್ತರಕ್ಕೆ ಮಾತ್ರ, ಉಳಿದ ಹಲಗೆ ಎಷ್ಟೇ ಎತ್ತರ ಇರಲಿ. ನಮ್ಮ ಹೊಲದಲ್ಲಿ ಒಂದು ವರ್ಷ ಗಿಡ್ಡ ಹಲಗೆ ಮಳೆ, ಇನ್ನೊಂದು ವರ್ಷ ಸಾರಜನಕ, ಮತ್ತೊಂದು ವರ್ಷ ಯಾರ ಕಣ್ಣಿಗೂ ಬೀಳದ ಸತು, ಅದೇ ಜಿಂಕು. ನಾವು ಪ್ರತಿ ವರ್ಷ ಒಂದೇ ಹಲಗೆಯನ್ನು ಎತ್ತರ ಮಾಡುತ್ತಾ ಬಂದಿದ್ದೇವೆ.

2023ನೇ ಇಸವಿಯ ಮಾತಿಗೆ ಬರುತ್ತೇವೆ. ಆ ವರ್ಷ ಮಿರ್ಗ ಕೈಕೊಟ್ಟಿತು, ಮುಂಗಾರು ತಡ ಆಯಿತು. ನಮ್ಮ ಕಡೆ ಬಹಳ ಮಂದಿ ಬಿತ್ತಿದ್ದು ಜೂನ್ ಕೊನೆಗೆ, ಜುಲೈ ಮೊದಲಿಗೆ. ಜುಲೈನಲ್ಲಿ ಬೇಡ ಬೇಡವೆಂದರೂ ಸುರಿಯಿತು. ಎಳೆ ಪೈರಿನ ಬುಡದಲ್ಲಿ ನೀರು ನಿಂತಿತು, ಎಲೆ ಹಳದಿ ತಿರುಗಿತು. ಹಳದಿ ಕಂಡ ಕೂಡಲೆ ನಮ್ಮ ಗೋದಾಮಿನ ಮುಂದೆ ಚಕ್ಕಡಿ, ಟ್ರ್ಯಾಕ್ಟರ್, ಮೋಟಾರ್ ಸೈಕಲ್ಲು.

ನಮ್ಮ ಒಬ್ಬ ಸದಸ್ಯರು, ಹೆಸರು ಬೇಡ, ಇಲ್ಲೇ ಕುಂತಾರ, ನಗುತ್ತಲೂ ಇದ್ದಾರೆ, ಬಂದು ಕೇಳಿದರು: "ಕಾಕಾ, ಪೈರು ಪೂರ್ತಿ ಹಳದಿ ಬಿದ್ದೈತ್ರಿ. ಆರು ಚೀಲ ಯೂರಿಯಾ ಕೊಡ್ರಿ." ಹೊಲ ಎರಡು ಎಕರೆ. ಬಿತ್ತುವಾಗಲೇ ಒಂದೊಂದು ಚೀಲ ಹಾಕಿದ್ದರು. ನಾವು ಏನು ಮಾಡಬೇಕಿತ್ತು? ತಮ್ಮಾ, ಮೊದಲು ಹೊಲದ ನೀರು ಹೊರಗೆ ಹಾಕು, ಬೇರಿಗೆ ಉಸಿರು ಬರಲಿ, ಆಮೇಲೆ ಬಾ ಎನ್ನಬೇಕಿತ್ತು. ನಾವು ಅನ್ನಲಿಲ್ಲ. ಗೋದಾಮಿನಲ್ಲಿ ದಾಸ್ತಾನು ಇತ್ತು, ಮಾರಾಟ ಆದರೆ ಸಂಘಕ್ಕೆ ನಾಲ್ಕು ಕಾಸು, ಅವರ ಪತ್ತಿನಲ್ಲೂ ಬಾಕಿ ಇತ್ತು. ಬೆರಳಚ್ಚು ಒತ್ತಿಸಿಕೊಂಡು ಆರು ಚೀಲ ಎತ್ತಿ ಕೊಟ್ಟೆವು. "ಇನ್ನೊಂದು ಬೇಕೇನು?" ಎಂದು ಕೇಳಿದ್ದೂ ನೆನಪಿದೆ.

ಅವರು ನೀರು ನಿಂತ ಹೊಲಕ್ಕೇ ಎರಚಿದರು. ನೀರು ನಿಂತ ಎರೆಯಲ್ಲಿ ಸಾರಜನಕ ಗಾಳಿಯಾಗಿ ಹಾರಿಹೋಗುತ್ತದೆ, ಮಸಾರಿಯಲ್ಲಿ ಬೇರು ಮುಟ್ಟದಷ್ಟು ಕೆಳಗೆ ಬಸಿದು ಹೋಗುತ್ತದೆ. ಅವರ ಹೊಲದಲ್ಲಿ ಎರಡೂ ಆಗಿರಬೇಕು. ಉಳಿದಷ್ಟರಿಂದ ಮಳೆ ಬಿಟ್ಟ ಮೇಲೆ ಪೈರು ಕಪ್ಪಾಗಿ ಎದ್ದಿತು, ದೊಡ್ಡ ದೊಡ್ಡ ಎಲೆ ಬಿಟ್ಟಿತು. ಆಗಸ್ಟ್ ಬಂತು. ಇಡೀ ದೇಶದಲ್ಲಿ 1901ರಿಂದ ಲೆಕ್ಕ ಇಟ್ಟಾಗಿನಿಂದ ಅಷ್ಟು ಒಣ ಆಗಸ್ಟ್ ಇರಲಿಲ್ಲ ಎಂದು ಹವಾಮಾನ ಇಲಾಖೆಯವರು ಆಮೇಲೆ ಹೇಳಿದರು. ಆಶ್ಲೇಷ ಇಲ್ಲ, ಮಘೆ ಇಲ್ಲ. ಎಲೆ ದೊಡ್ಡದಾದಷ್ಟೂ ನೀರು ಬೇಗ ಖರ್ಚು. ನೆಲದಲ್ಲಿದ್ದ ಹಸಿಯನ್ನು ಆ ಎಲೆಗಳೇ ಕುಡಿದು ಮುಗಿಸಿದವು, ಸೂಲಂಗಿ ಬರುವ ಹೊತ್ತಿಗೆ ನೆಲ ಬೂದಿ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರ ಬರಪೀಡಿತ ಎಂದು ಘೋಷಿಸಿತು. ಅವರಿಗೆ ಎಕರೆಗೆ ಐದು ಕ್ವಿಂಟಲ್ ಬಂತು.

ಅವರ ಹೊಲದ ಬದುವಿಗೆ ಹತ್ತಿದ ಹೊಲ ನಮ್ಮ ಊರಿನ ಒಬ್ಬ ಅಕ್ಕಾರದು. ಯಜಮಾನರು ತೀರಿಕೊಂಡ ಮೇಲೆ ಅವರೇ ಮಾಡಿಸುತ್ತಾರೆ. ಹಿಂದಿನ ಸಾಲ ವಾಯಿದೆ ಮೀರಿದ್ದರಿಂದ ಆ ವರ್ಷ ಸಂಘದಲ್ಲಿ ಅವರಿಗೆ ಪತ್ತು ಇರಲಿಲ್ಲ. ರೊಕ್ಕ ಕೈಯಲ್ಲಿ ಹಿಡಿದು ಬಂದಿದ್ದರು. "ಅಕ್ಕಾರ, ಒಂದ ಚೀಲ ಸಾಕನ್ರಿ?" ಅಂದೆವು. "ಸಾಕಂತಲ್ಲ ಬಿಡಪಾ, ಇದ್ದದ್ದು ಇಷ್ಟ ರೊಕ್ಕ" ಅಂದರು. ಅದನ್ನೂ ಒಮ್ಮೆಲೆ ಹಾಕಲಿಲ್ಲ. ನೀರು ಬಸಿದು ನೆಲ ಕಾಲಿಗೆ ಹತ್ತದ ಹದಕ್ಕೆ ಬಂದ ಮೇಲೆ ಎಡೆ ಹೊಡೆಸಿ, ಸಾಲಿನ ಪಕ್ಕಕ್ಕೆ ಅರ್ಧ ಚೀಲ ಹಾಕಿ ಮಣ್ಣು ಮುಚ್ಚಿಸಿದರು. ಉಳಿದ ಅರ್ಧ ಚೀಲ ಮಳೆ ಬಂದರೆ ಹಾಕೋಣ ಎಂದು ಮನೆಯಲ್ಲಿಟ್ಟರು. ಮಳೆ ಬರಲಿಲ್ಲ, ಚೀಲ ಬಿಚ್ಚಲಿಲ್ಲ. ಅವರಿಗೆ ಬಂದದ್ದು ಎಕರೆಗೆ ಏಳು ಕ್ವಿಂಟಲ್.

ಇದನ್ನು ಕೇಳಿ ಚಪ್ಪಾಳೆ ಹೊಡೆಯುವ ಮೊದಲು ಒಂದು ಮಾತು. ಅವರ ಹೊಲದ ಕೆಳಗಿನ ತುದಿ ಎರೆ, ಹಸಿ ಹಿಡಿಯುತ್ತದೆ. ಹಿಂದಿನ ವರ್ಷ ಅಲ್ಲಿ ಕುರಿ ನಿಲ್ಲಿಸಿದ್ದರು. ಆ ಎರಡು ಕ್ವಿಂಟಲ್ ಹೆಚ್ಚು ಬಂದದ್ದು ಅದಕ್ಕೋ, ಗೊಬ್ಬರ ಹಾಕಿದ ರೀತಿಗೋ, ಎರಡಕ್ಕೂ ಸೇರಿಯೋ, ನಾವು ತಕ್ಕಡಿ ಹಿಡಿದು ಹೇಳಲಾರೆವು. ಆದರೆ ಇಷ್ಟು ಮಾತ್ರ ಸತ್ಯ: ಹೆಚ್ಚಿಗೆ ಹಾಕಿದ ಯೂರಿಯಾ ಅವರ ನೆರೆಯವರಿಗೆ ಒಂದು ಸೇರು ಕಾಳನ್ನೂ ಹೆಚ್ಚು ಕೊಡಲಿಲ್ಲ. ಆ ಚೀಲಗಳ ರೊಕ್ಕ, ಎರಚಿದ ಆಳಿನ ರೊಕ್ಕ ಸಾಲದ ಪುಸ್ತಕದಲ್ಲಿ ಉಳಿಯಿತು. ವಾಯಿದೆಯೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ ಎಂಬುದು ನಿಯಮ. ಅವರಿಗೆ ಕಟ್ಟಲು ಆಗಲಿಲ್ಲ. ಬೆಳ್ಳಿ ಹಬ್ಬದ ದಿನ ಇದನ್ನೇಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಿಯಾರು. ಆ ಆರು ಚೀಲ ಎತ್ತಿ ಕೊಟ್ಟ ಕೈ ನಮ್ಮದು, ಅದಕ್ಕೆ ಹೇಳುತ್ತಿದ್ದೇವೆ.

ಹಾಗಾದರೆ ಮಾಡಬೇಕಾದದ್ದು ಏನು? ಹೊಸದೇನೂ ಇಲ್ಲ. ರಂಜಕ, ಪೊಟ್ಯಾಷ್ ಪೂರ್ತಿ ಬಿತ್ತುವಾಗಲೇ, ಬೀಜದ ಪಕ್ಕಕ್ಕೆ ಎರಡು ಬೆರಳು ದೂರ, ಎರಡು ಬೆರಳು ಕೆಳಗೆ ಬೀಳಬೇಕು. ರಂಜಕ ಮಣ್ಣಿನಲ್ಲಿ ಓಡಾಡುವುದಿಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ಮೇಲೆ ಚೆಲ್ಲಿದರೆ ಮೇಲೆಯೇ ಉಳಿಯಿತು. ಬೀಜಕ್ಕೇ ತಾಗುವಂತೆ ಯೂರಿಯಾ ಹಾಕಿದರೆ, ಅದರಲ್ಲೂ ಹಸಿ ಕಡಿಮೆ ಇದ್ದಾಗ, ಮೊಳಕೆ ಸುಟ್ಟುಹೋಗುತ್ತದೆ. ಬಿತ್ತನೆ ಸರಿ ಹುಟ್ಟಲಿಲ್ಲ ಎಂದು ಬೀಜದ ಅಂಗಡಿಯವರ ಜೊತೆ ಜಗಳಕ್ಕೆ ಹೋದವರಲ್ಲಿ ಕೆಲವರ ತಪ್ಪು ಇದೇ ಆಗಿತ್ತು. ಪೊಟ್ಯಾಷನ್ನು ದಂಡ ಎನ್ನಬೇಡಿ. ಎಲೆಯ ಬಾಯಿ ಮುಚ್ಚಿ ತೆರೆದು ನೀರು ಉಳಿಸುವ ಕೆಲಸಕ್ಕೆ ಅದು ಬೇಕು, ಬರದ ವರ್ಷಕ್ಕೇ ಹೆಚ್ಚು ಬೇಕು.

ಸಾರಜನಕ ಮಾತ್ರ ಕಂತಿನಲ್ಲಿ. ಬಿತ್ತುವಾಗ ಡಿಎಪಿ ಜೊತೆ ಸ್ವಲ್ಪ. ಮೊಣಕಾಲೆತ್ತರಕ್ಕೆ ಬಂದಾಗ, ಮೂವತ್ತು ಮೂವತ್ತೈದನೇ ದಿನಕ್ಕೆ, ಎಡೆ ಹೊಡೆಯುವ ಹದ ನೋಡಿ ದೊಡ್ಡ ಪಾಲು. ಸೂಲಂಗಿಗೆ ಮೊದಲು ಇನ್ನೊಂದು ಪಾಲು, ಅದೂ ಮಳೆ ಬಂದಿದ್ದರೆ ಮಾತ್ರ. ಈ ಕೊನೆಯ ಕಂತು ಕೈಯಲ್ಲಿರುವ ಹುಕುಂ ಎಲೆ ಇದ್ದ ಹಾಗೆ. ಮಳೆ ಒಳ್ಳೆಯದಾದರೆ ಇಳಿಸಬೇಕು, ಆಗದಿದ್ದರೆ ಉಳಿಸಬೇಕು. ಮೊದಲೇ ಎಲ್ಲವನ್ನೂ ಸುರಿದವರ ಕೈಯಲ್ಲಿ ಆಡಲು ಏನೂ ಉಳಿದಿರುವುದಿಲ್ಲ.

ಯೂರಿಯಾ ಎರಚುವುದಕ್ಕೂ ಹೊತ್ತು ಇದೆ. ಒಣ ನೆಲದ ಮೇಲೆ ಎರಚಿ ಮಳೆಯ ದಾರಿ ಕಾಯುವುದು, ಇಬ್ಬನಿ ಬಿದ್ದ ನೆಲದ ಮೇಲೆ ಬೆಳಿಗ್ಗೆ ಎರಚಿ ಬಿಸಿಲಿಗೆ ಬಿಡುವುದು, ಎರಡೂ ನಷ್ಟ. ಹಸಿ ತಾಗಿದ ಯೂರಿಯಾ ಕೆಲವೇ ದಿನದಲ್ಲಿ ಅಮೋನಿಯಾ ಆಗಿ ಹಾರುತ್ತದೆ, ಮೂಗಿಗೆ ಘಾಟು ಬರುವುದು ಅದೇ. 2015ರಿಂದ ಬೇವು ಲೇಪಿಸಿದ ಯೂರಿಯಾವೇ ಬರುತ್ತಿದೆ, ಅದು ಸ್ವಲ್ಪ ನಿಧಾನಕ್ಕೆ ಕರಗಿ ಪೈರಿಗೆ ಸಿಗುತ್ತದೆ ನಿಜ. ಆದರೆ ಬೇವಿನ ಎಣ್ಣೆ ನಮ್ಮ ಅವಸರಕ್ಕೆ ಔಷಧಿ ಅಲ್ಲ. ಹಾಕಿದ ಮೇಲೆ ಮಣ್ಣು ಮುಚ್ಚಬೇಕು, ಇಲ್ಲವೇ ಅರ್ಧ ಇಂಚು ಮಳೆ ಬಂದು ಒಳಗೆ ಒಯ್ಯಬೇಕು.

ಹಳದಿ ಎಲ್ಲಾ ಒಂದೇ ಹಳದಿ ಅಲ್ಲ. ಕೆಳಗಿನ ಎಲೆ ತುದಿಯಿಂದ ನಡುದಿಂಡಿನ ಗುಂಟ ಹಳದಿಯಾಗುತ್ತಾ ಬಂದರೆ ಸಾರಜನಕ ಕಡಿಮೆ. ಕೆಳಗಿನ ಎಲೆಯ ಅಂಚು ಸುಟ್ಟಂತೆ ಒಣಗಿದರೆ ಪೊಟ್ಯಾಷ್. ಎಳೆ ಪೈರು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕ. ಹೊಸ ಎಲೆಯ ಬುಡದಲ್ಲಿ ಬಿಳಿ ಪಟ್ಟಿ ಕಂಡರೆ ಸತು. ಅದಕ್ಕೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಮಣ್ಣಿಗೆ ಬಿದ್ದಿರಬೇಕು, ಹತ್ತು ಚೀಲ ಯೂರಿಯಾ ಹಾಕಿದರೂ ಆ ಬಿಳಿ ಹೋಗುವುದಿಲ್ಲ. ನೀರು ನಿಂತು ಇಡೀ ಪೈರು ಸೊರಗಿದರೆ ಮೊದಲ ಔಷಧಿ ಸಲಿಕೆ.

ತಿಪ್ಪೆ ಗೊಬ್ಬರದ ಮಾತು ಬಂದರೆ ಎಲ್ಲರೂ ತಲೆ ತಗ್ಗಿಸುತ್ತೇವೆ. ಎಕರೆಗೆ ಮೂರರಿಂದ ನಾಲ್ಕು ಟನ್ ಬೇಕು ಎನ್ನುತ್ತಾರೆ. ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಎತ್ತು ಹೋದ ಮೇಲೆ ತಿಪ್ಪೆ ಎಲ್ಲಿಂದ ಬರಬೇಕು. ಆದರೂ ದಂಟನ್ನು ಬದುವಿಗೆ ಎಳೆದು ಬೆಂಕಿ ಹಚ್ಚುವುದನ್ನಾದರೂ ಬಿಡಬಹುದು. ಮಸಾರಿ ಹೊಲ ಎಂಟು ದಿನ ತಡೆಯುವುದು ಹತ್ತು ದಿನ ತಡೆದರೆ, ಆ ಎರಡು ದಿನದಲ್ಲಿ ಒಂದು ಮಳೆ ಬಂದರೂ ಬರಬಹುದು.

ಈಗ ನೀವು ಕೇಳುವ ಪ್ರಶ್ನೆ ನಮಗೆ ಗೊತ್ತು. ಜುಲೈನಲ್ಲಿ ಹಾಕಿರಿ, ಆಗಸ್ಟಿನಲ್ಲಿ ಹಾಕಿರಿ ಎಂದು ಹೇಳುತ್ತೀರಿ, ಆಗ ಗೊಬ್ಬರ ಎಲ್ಲಿರುತ್ತದೆ? ಜೂನಿನಲ್ಲಿ ಸಿಕ್ಕಾಗ ಎತ್ತಿಕೊಂಡು ಬರದಿದ್ದರೆ ಆಮೇಲೆ ಸಾಲಿನಲ್ಲಿ ನಿಲ್ಲಬೇಕಲ್ಲ? ಇದಕ್ಕೆ ಉತ್ತರ ಕೊಡದೆ ಉಳಿದದ್ದನ್ನು ಹೇಳಿ ಉಪಯೋಗವಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಸತ್ತರು. ಈ ಜಿಲ್ಲೆಯಲ್ಲಿ ಅದನ್ನು ಯಾರೂ ಮರೆತಿಲ್ಲ. 2025ರಲ್ಲೂ ಮುಂಗಾರು ಬೇಗ ಬಂದು, ಎಲ್ಲರೂ ಗೋವಿನಜೋಳವನ್ನೇ ಬಿತ್ತಿ, ಜುಲೈನಲ್ಲಿ ಯೂರಿಯಾಕ್ಕಾಗಿ ಚಪ್ಪಲಿ ಸಾಲು ಇಟ್ಟು ನಿಂತದ್ದನ್ನು ನೋಡಿದ್ದೇವೆ. ಸುಗ್ಗಿಗೆ ಬಂದರೆ ಬೆಂಬಲ ಬೆಲೆ 2,400 ರೂಪಾಯಿ ಎಂದು ಕಾಗದದ ಮೇಲೆ, ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ. ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ ಇರುವ ತನಕ ರೈತ ಸಿಕ್ಕಾಗ ಎತ್ತುತ್ತಾನೆ, ಎತ್ತಿದ ಮೇಲೆ ಮನೆಯಲ್ಲಿ ಇಡಲು ಜಾಗವಿಲ್ಲದೆ, ಹಸಿಗೆ ಗಟ್ಟಿಯಾಗುತ್ತದೆಂದು ಹಾಕಿಬಿಡುತ್ತಾನೆ. ನಾವೂ ಹಾಗೇ ಮಾಡಿದ್ದೇವೆ. ಎಕರೆಗೆ ಮೂರು ಚೀಲ ಯೂರಿಯಾ ಬೀಳುವುದು ಅಜ್ಞಾನದಿಂದ ಅಲ್ಲ, ಅರ್ಧ ಈ ಹೆದರಿಕೆಯಿಂದ.

ಆ ಹೆದರಿಕೆಯನ್ನು ತೆಗೆಯುವ ಕೆಲಸ ಸಂಘದ್ದು. ಆಡಳಿತ ಮಂಡಳಿಯ ಮುಂದೆ ನಾವು ಎರಡು ಮಾತು ಇಡುತ್ತೇವೆ. ಬಿತ್ತನೆಗೆ ಮೊದಲು ಪ್ರತಿ ಸದಸ್ಯರಿಂದ ಎಷ್ಟು ಎಕರೆ, ಎಷ್ಟು ಚೀಲ ಎಂದು ಪಟ್ಟಿ ಮಾಡಿ, ಯೂರಿಯಾದ ಎರಡನೇ ಕಂತಿನ ದಾಸ್ತಾನನ್ನು ಜುಲೈ ತನಕ ಗೋದಾಮಿನಲ್ಲಿ ಉಳಿಸಿಕೊಳ್ಳಬೇಕು. ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಚ್ಚಬೇಕು, ಯಾರ ಪಾಲು ಇನ್ನೂ ಇದೆ ಎಂಬುದು ಎಲ್ಲರ ಕಣ್ಣಿಗೆ ಬೀಳಬೇಕು. ಚೀಲ ಬಿಡುವುದು ಯಂತ್ರದ ಮೇಲೆ ಬೆರಳು ಒತ್ತಿದಾಗಲೇ, ಅದರಲ್ಲಿ ಬದಲಿಲ್ಲ. ಮೇಲಿನಿಂದ ಗೊಬ್ಬರ ಬಂದರಲ್ಲವೇ ಉಳಿಸುವುದು ಎಂದು ಒಬ್ಬ ನಿರ್ದೇಶಕರು ನಿನ್ನೆಯೇ ಕೇಳಿದರು. ಸರಿಯಾದ ಪ್ರಶ್ನೆ. ಬಂದಷ್ಟರಲ್ಲೇ ಹಂಚಬೇಕು, ಆದರೆ ಮೊದಲು ಬಂದವರಿಗೆ ಆರು ಚೀಲ, ಆಮೇಲೆ ಬಂದವರಿಗೆ ಬರಿಗೈ ಎಂಬುದು ನಿಲ್ಲಬೇಕು.

ಎರಡನೆಯದು ಮಳೆ ಅಳೆಯುವುದು. ಗ್ರಾಮ ಪಂಚಾಯಿತಿಗೊಂದು ಮಳೆ ಮಾಪಕ ಯಂತ್ರ ಸರಕಾರ ಕೂಡಿಸಿದೆ, ಆದರೆ ಅದರ ಲೆಕ್ಕ ನಮ್ಮ ಕಣ್ಣಿಗೆ ಬೀಳುವುದಿಲ್ಲ; ಮೇಲಾಗಿ ನಮ್ಮ ಕಡೆ ಒಂದು ಹೊಲಕ್ಕೆ ಬಂದ ಮಳೆ ಪಕ್ಕದ ಹೊಲಕ್ಕೆ ಬರುವುದಿಲ್ಲ. ಬಾಯಿ ಮತ್ತು ತಳ ಒಂದೇ ಅಗಲ ಇರುವ, ನೆಟ್ಟಗಿನ ಒಂದು ತಗಡಿನ ಡಬ್ಬಿ, ಮಕ್ಕಳ ಸ್ಕೇಲು, ಇಷ್ಟೇ ಸಾಕು. ಗಿಡದ ಕೆಳಗಲ್ಲ, ಬಯಲಿನಲ್ಲಿ ಕಲ್ಲಿನ ಆಧಾರ ಕೊಟ್ಟು ಇಡಬೇಕು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಬೇಕು. ಒಂದು ಸೆಂಟಿಮೀಟರ್ ನೀರಿದ್ದರೆ 10 ಮಿಲಿಮೀಟರ್ ಮಳೆ, ನಿಮ್ಮ ಎಕರೆಗೆ 40 ಸಾವಿರ ಲೀಟರ್. ಬರೆದು, ಚೆಲ್ಲಿ, ಮತ್ತೆ ಇಡುವುದು. ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಮಂದಿ ಮುಂದೆ ಬಂದರೆ ಡಬ್ಬಿ ನಾವೇ ಮಾಡಿಸಿಕೊಡುತ್ತೇವೆ, ಆ ಲೆಕ್ಕವನ್ನು ಗೋದಾಮಿನ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ದಿನಾ ಬರೆಯುತ್ತೇವೆ. ಯೂರಿಯಾ ಕೇಳಲು ಬಂದವರು ಮೊದಲು ಆ ಹಲಗೆ ನೋಡಲಿ, ಆಮೇಲೆ ನಮ್ಮ ಹತ್ತಿರ ಬರಲಿ.

2023ರ ಆ ಆರು ಚೀಲದ ಸದಸ್ಯರು ಒಂದು ಡಬ್ಬಿಗೆ ಈಗಾಗಲೇ ಹೆಸರು ಕೊಟ್ಟಿದ್ದಾರೆ. ಅಕ್ಕಾರು "ನನಗ ಸ್ಕೇಲು ತಿಳಿಯಂಗಿಲ್ಲ, ಮೊಮ್ಮಗಳು ಬರೀತಾಳ" ಎಂದು ಇನ್ನೊಂದು ಒಯ್ಯುತ್ತೇನೆ ಅಂದಿದ್ದಾರೆ. ಇನ್ನೆರಡು ಉಳಿದಿವೆ. ಪಡುವಣ ದಿಕ್ಕಿನವರು, ಹಳ್ಳದ ಆಚೆಯವರು ಯಾರಾದರೂ ಊಟ ಮುಗಿಸಿ ಗೋದಾಮಿನ ಕಡೆ ಬಂದು ಹೆಸರು ಬರೆಸಿರಿ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಒಳಗೆ ಗೋದಿ ಹುಗ್ಗಿ ಆರುತ್ತಿದೆ.